ಹಡಗು ಹತ್ತಿತೇ ಪೆಟ್ಟಿಗೆ?

ಚಿಕ್ಕಮಗಳೂರಿನ ಕಾಫಿ ಹೊತ್ತ ಟ್ರೇಲರ್ ಪಣಂಬೂರಿನಲ್ಲಿ ನವಮಂಗಳೂರು ಬಂದರಿನ ಗೇಟು ದಾಟಿದಾಗ ರಫ್ತುದಾರರಿಗೆ ‘ಗೇಟ್-ಇನ್ ಆಯಿತು’ ಎಂಬ ಸುದ್ದಿ ಬರುತ್ತದೆ. ಈ ವ್ಯಾಪಾರಕ್ಕೆ ಹೊಸಬರಾದವರು ಅಲ್ಲಿಗೇ ನಿರಾಳವಾಗುತ್ತಾರೆ. ಪಳಗಿದವರು ಆಗುವುದಿಲ್ಲ. ಸರಕು ಬಂದರಿನ ಅಂಗಳ ಸೇರಿತು ಎನ್ನುವುದಕ್ಕಿಂತ ಹೆಚ್ಚಿನದೇನನ್ನೂ ಆ ಸುದ್ದಿ ಹೇಳುವುದಿಲ್ಲ. 60 ಕಿಲೋದ 320 ಚೀಲ, ಅಂದರೆ 19.2 ಟನ್ ಕಾಫಿ ಬೀಜ ತುಂಬಿಕೊಂಡ ಆ 20 ಅಡಿ ಪೆಟ್ಟಿಗೆ ಇನ್ನೂ ನೆಲದ ಮೇಲೇ ಇದೆ. ಅದು ಹತ್ತಬೇಕಾದ ಹಡಗು ಹೊರಟುಹೋದ ಮೇಲೂ ಅಲ್ಲೇ ಇದ್ದರೆ ಆಶ್ಚರ್ಯವಿಲ್ಲ.

ಹೀಗೆ ಹಿಂದುಳಿದರೆ ‘ರೋಲ್ ಆಯಿತು’ ಎನ್ನುತ್ತಾರೆ. ಬುಕ್ ಮಾಡಿದವರಲ್ಲಿ ಕೆಲವರು ಸರಕು ತರುವುದೇ ಇಲ್ಲವೆಂಬ ಲೆಕ್ಕದಲ್ಲಿ ಶಿಪ್ಪಿಂಗ್ ಕಂಪನಿಗಳು ಇರುವ ಜಾಗಕ್ಕಿಂತ ಹೆಚ್ಚು ಬುಕಿಂಗ್ ತೆಗೆದುಕೊಳ್ಳುತ್ತವೆ. ಎಲ್ಲರೂ ತಂದುಬಿಟ್ಟರೆ ಕೆಲವರ ಪೆಟ್ಟಿಗೆ ಮುಂದಿನ ಹಡಗಿಗೆ. ತಡವಾಗಿ ಬಂದ ಹಡಗು ವೇಳಾಪಟ್ಟಿ ಸರಿದೂಗಿಸಲು ಅರ್ಧ ಲೋಡಿಗೇ ಹೊರಡುವುದೂ ಉಂಟು. ಕಸ್ಟಮ್ಸ್ ಅನುಮತಿ ಸಿಗದೆ, ಅಥವಾ ತುಂಬಿದ ಪೆಟ್ಟಿಗೆಯ ತೂಕದ ಪತ್ರ ಕಟ್-ಆಫ್ ಎಂಬ ಗಡುವಿನ ಹೊತ್ತಿಗೆ ತಲುಪದೆ ನಿಂತವೂ ಇರುತ್ತವೆ.

ತೂಕದ ಪತ್ರವನ್ನು 2016ರ ಜುಲೈ 1ರಿಂದ ಜಗತ್ತಿನಾದ್ಯಂತ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. 2007ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡಲು ಬಿರಿದ ‘ಎಂಎಸ್‌ಸಿ ನಾಪೋಲಿ’ ಎಂಬ ಹಡಗನ್ನು ಇಂಗ್ಲೆಂಡಿನ ಡೆವನ್ ಕರಾವಳಿಯಲ್ಲಿ ಬೇಕೆಂದೇ ದಡಕ್ಕೆ ಹತ್ತಿಸಿದರು. ಡೆಕ್ಕಿನ ಮೇಲೆ ನೆನೆಯದೆ ಉಳಿದಿದ್ದ ಸುಮಾರು 660 ಕಂಟೇನರುಗಳನ್ನು ಆಮೇಲೆ ತೂಗಿ ನೋಡಿದರೆ, 137ರಲ್ಲಿ ಹೇಳಿದ ತೂಕಕ್ಕೂ ಇದ್ದ ತೂಕಕ್ಕೂ 3 ಟನ್ನಿಗಿಂತ ಹೆಚ್ಚು ವ್ಯತ್ಯಾಸ. ಒಂದರಲ್ಲಂತೂ 20 ಟನ್! ಕಾಗದದ ಮೇಲಿನ ಹಡಗು ಒಂದು, ನೀರಿನ ಮೇಲಿನ ಹಡಗು ಇನ್ನೊಂದು.

ಹಾಗಾದರೆ ನಿಜವಾಗಿ ಹತ್ತಿದೆ ಎಂದು ಗೊತ್ತಾಗುವುದು ಎಲ್ಲಿ? ಮೊದಲು ಕ್ರೇನಿನ ಕೆಳಗೆ. ಪ್ರತಿ ಕಂಟೇನರಿಗೂ ನಾಲ್ಕು ಅಕ್ಷರ, ಏಳು ಅಂಕಿಯ ಸಂಖ್ಯೆ ಇರುತ್ತದೆ. ಕೊನೆಯ ಅಂಕಿ ಕಾವಲುಗಾರ. ಉದಾಹರಣೆಗೆ, ಸಿಎಸ್‌ಕ್ಯೂಯು 305438 ಎಂಬುದನ್ನು ತೆಗೆದುಕೊಳ್ಳಿ. ಒಂದೊಂದು ಅಕ್ಷರಕ್ಕೂ ಗೊತ್ತುಮಾಡಿದ ಬೆಲೆ ಕೊಟ್ಟು, ಎಡದಿಂದ ಬಲಕ್ಕೆ 1, 2, 4, 8 ಹೀಗೆ ಇಮ್ಮಡಿಸುತ್ತ ಗುಣಿಸಿ ಕೂಡಿದರೆ 6185 ಬರುತ್ತದೆ. ಅದನ್ನು 11ರಿಂದ ಭಾಗಿಸಿದರೆ ಶೇಷ 3. ಪೆಟ್ಟಿಗೆಯ ಮೇಲೆ ಕೊನೆಗೆ ಇರಬೇಕಾದದ್ದೂ 3. ಗಡಿಬಿಡಿಯಲ್ಲಿ ಯಾರಾದರೂ ಒಂದು ಅಂಕಿ ತಪ್ಪಾಗಿ ಒತ್ತಿದರೆ ಕಂಪ್ಯೂಟರ್ ಸಾಮಾನ್ಯವಾಗಿ ಅಲ್ಲೇ ತಕರಾರು ತೆಗೆಯುತ್ತದೆ.

ಸಂಖ್ಯೆಯ ಜೊತೆಗೆ ಹಡಗಿನಲ್ಲಿ ಕೂರುವ ಜಾಗವೂ ದಾಖಲಾಗುತ್ತದೆ. 130684 ಎಂದಿದ್ದರೆ ಬಲ್ಲವರು ಥಟ್ಟನೆ ಓದುತ್ತಾರೆ: ಮೂತಿಯ ಕಡೆಯಿಂದ ಎಣಿಸುವ 13ನೇ ಬೇ, ಬೆಸಸಂಖ್ಯೆಯಾದ್ದರಿಂದ 20 ಅಡಿಯ ಪೆಟ್ಟಿಗೆ, 06 ಅಂದರೆ ನಡುವಿನಿಂದ ಎಡಕ್ಕೆ ಮೂರನೇ ಸಾಲು, 84 ಅಂದರೆ ಡೆಕ್ಕಿನ ಮೇಲೆ ಎರಡನೇ ಅಂತಸ್ತು. ಟರ್ಮಿನಲ್ಲಿನವರು ಲೋಡ್ ಆದ ಪೆಟ್ಟಿಗೆಗಳ ಪಟ್ಟಿಯನ್ನು ಶಿಪ್ಪಿಂಗ್ ಕಂಪನಿಗೆ ಕಳಿಸುತ್ತಾರೆ. ರಫ್ತುದಾರ ನೆಚ್ಚಬಹುದಾದ ಮೊದಲ ಸಾಕ್ಷಿ ಇದು. ಆದರೆ ಬ್ಯಾಂಕಿಗೆ ಇದು ಸಾಲದು.

ಬ್ಯಾಂಕ್ ಕೇಳುವುದು ಬಿ.ಎಲ್., ಅಂದರೆ ಬಿಲ್ ಆಫ್ ಲೇಡಿಂಗ್. ಅದರಲ್ಲೂ ಎರಡು ಬಗೆ. ಸಾಗಿಸಲು ಸರಕು ನಮ್ಮ ವಶಕ್ಕೆ ಬಂದಿದೆ ಎನ್ನುವುದು ಒಂದು. ಹಡಗಿಗೆ ಏರಿದೆ ಎನ್ನುವುದು ಇನ್ನೊಂದು. ಕಾಗದಪತ್ರ ಸರಿಯಿದ್ದರೆ ಹಣ ಕೊಡುವುದಾಗಿ ಬ್ಯಾಂಕ್ ಬರೆದುಕೊಡುವ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ವ್ಯವಹಾರಗಳಿಗೆ 2007ರಿಂದ ಅನ್ವಯಿಸುತ್ತಿರುವ ‘ಯುಸಿಪಿ 600’ ನಿಯಮಗಳ 20ನೇ ವಿಧಿ ಎರಡನೆಯದನ್ನೇ ಕೇಳುತ್ತದೆ. ಬಿ.ಎಲ್.ನಲ್ಲಿ ಹೋಗಲಿರುವ ಹಡಗು ಎಂದು ಮಾತ್ರ ಬರೆದಿದ್ದರೆ, ನಿಜವಾಗಿ ಹತ್ತಿದ ಹಡಗಿನ ಹೆಸರೂ ತಾರೀಕೂ ಇರುವ ‘ಆನ್ ಬೋರ್ಡ್’ ಷರಾ ಬೇಕು. ಎಲ್‌ಸಿಯಲ್ಲಿ ಬೇರೇನೂ ಹೇಳದಿದ್ದರೆ ಸರಕು ಏರಿದ 21 ದಿನಗಳೊಳಗೆ ಕಾಗದಪತ್ರ ಬ್ಯಾಂಕಿಗೆ ಸಲ್ಲಿಸಿರಬೇಕು. ಎಲ್‌ಸಿಯಲ್ಲಿ ಕೊಟ್ಟ ಗಡುವು ಒಂದೇ ದಿನ ಮೀರಿದ್ದರೂ ಹಣ ಕೊಡಲು ಬ್ಯಾಂಕ್ ನಿರಾಕರಿಸಬಹುದು. ಎಫ್‌ಒಬಿ (ಫ್ರೀ ಆನ್ ಬೋರ್ಡ್) ಮಾರಾಟದಲ್ಲಿ ಸರಕಿನ ಹೊಣೆ ಮಾರಿದವರಿಂದ ಕೊಂಡವರಿಗೆ ದಾಟುವುದೂ ಸರಕು ಹಡಗಿನ ಮೇಲೆ ಕೂತಾಗಲೇ.

ಇಲ್ಲೇ ಆಸೆ ಕಾಲು ಚಾಚುವುದು. ಹಡಗು ತಡವಾಯಿತು, ಗಡುವು ನಿನ್ನೆಗೇ ಮುಗಿಯಿತು; ‘ಮೊನ್ನೆಯ ತಾರೀಕು ಹಾಕಿಕೊಡಿ ಸಾರ್, ಏನಾದರೂ ಆದರೆ ನಮ್ಮದೇ ಜವಾಬ್ದಾರಿ ಅಂತ ಪತ್ರ ಕೊಡುತ್ತೇವೆ’ ಎಂದು ಏಜೆಂಟರ ಮುಂದೆ ಗೋಗರೆಯುವವರಿದ್ದಾರೆ. ಸಣ್ಣ ಉಪಕಾರದಂತೆ ಕಾಣುವ ಇದು ನೇರಾನೇರ ವಂಚನೆ. ವಂಚನೆಗೆ ಬರೆದುಕೊಟ್ಟ ಜವಾಬ್ದಾರಿ ಪತ್ರ ಕೋರ್ಟಿನಲ್ಲಿ ನಿಲ್ಲುವುದೂ ಕಷ್ಟ.

ಈ ಚಾಳಿ ಹೊಸದಲ್ಲ. ಕಲ್ಕತ್ತೆಯಿಂದ ಲಂಡನ್ನಿಗೆ ಹೊರಡಲಿದ್ದ ‘ಬೆಲ್’ ಎಂಬ ಹಡಗಿನ ಕ್ಯಾಪ್ಟನ್, ಹಡಗಿಗೆ ಏರದೇ ಇದ್ದ 12 ಮೂಟೆ ರೇಷ್ಮೆ ಏರಿದೆ ಎಂದು ಸಹಿ ಹಾಕಿದ್ದ. ಆ ಕಾಗದ ನಂಬಿ ಹಣ ಕೊಟ್ಟವರು ಹಡಗಿನ ಮಾಲೀಕರ ಮೇಲೆ ಕೇಸು ಹಾಕಿದರು. ಏರದ ಸರಕಿಗೆ ಸಹಿ ಹಾಕುವ ಅಧಿಕಾರವೇ ಕ್ಯಾಪ್ಟನ್ನಿಗೆ ಇಲ್ಲ, ಹಾಗಾಗಿ ಮಾಲೀಕರ ತಪ್ಪಿಲ್ಲ ಎಂದು ಇಂಗ್ಲೆಂಡಿನ ಕೋರ್ಟು 1851ರಲ್ಲಿ ತೀರ್ಪು ಕೊಟ್ಟಿತು. ‘ಗ್ರಾಂಟ್ ವಿರುದ್ಧ ನಾರ್ವೇ’ ಎಂದು ಹೆಸರಾದ ಮೊಕದ್ದಮೆ ಇದು. ಕಾನೂನಿನ ತರ್ಕ ಏನೇ ಇರಲಿ, ಹಣ ಕಳೆದುಕೊಂಡವರಿಗೆ ಇದು ವಿಚಿತ್ರ ನ್ಯಾಯವಾಗಿ ಕಂಡಿರಬೇಕು. ಮುಂದೆ 1855ರಲ್ಲಿ ಬ್ರಿಟನ್ನಿನಲ್ಲಿ, 1856ರಲ್ಲಿ ಭಾರತದಲ್ಲಿ ಬಂದ ಕಾಯ್ದೆಗಳು, ಹಣ ಕೊಟ್ಟು ಬಿ.ಎಲ್. ಪಡೆದವರ ಎದುರು ‘ಸರಕು ಏರಿರಲಿಲ್ಲ’ ಎಂಬ ವಾದವನ್ನು ಸಹಿ ಹಾಕಿದವರು ಎತ್ತದಂತೆ ಕಟ್ಟಿಹಾಕಿದವು. ನಮ್ಮಲ್ಲಿ ಆ 1856ರ ಕಾಯ್ದೆಯ ಜಾಗಕ್ಕೆ ಹೊಸದು ಬಂದದ್ದು 2025ರಲ್ಲಿ; ಅಲ್ಲೂ ಈ ಅಂಶ ಹಾಗೆಯೇ ಉಳಿದಿದೆ.

ಮಂಗಳೂರಿನ ಸರಕಿಗೆ ಇನ್ನೊಂದು ತೊಡಕಿದೆ. ಇಲ್ಲಿಂದ ಹೊರಡುವ ಫೀಡರ್ ಎಂಬ ಚಿಕ್ಕ ಹಡಗು ಎಷ್ಟೋ ಸಲ ಕೊಲಂಬೊದಂಥ ಬಂದರಿಗೆ ಪೆಟ್ಟಿಗೆ ಒಯ್ದು ಇಳಿಸುತ್ತದೆ. ಯುರೋಪಿಗೆ ಹೋಗುವ ದೊಡ್ಡ ಹಡಗು ಅಲ್ಲಿಂದ ಎತ್ತಿಕೊಳ್ಳಬೇಕು. ಮೊದಲ ಹತ್ತುವಿಕೆ ಸರಿಯಾಗಿ ನಡೆದು ಎರಡನೆಯದು ತಪ್ಪಿದರೆ ಬಿ.ಎಲ್. ನಿಜವನ್ನೇ ಹೇಳುತ್ತಿರುತ್ತದೆ, ಕಾಫಿ ಮಾತ್ರ ಕೊಲಂಬೊದಲ್ಲಿ ಬಿಸಿಲು ಕಾಯುತ್ತಿರುತ್ತದೆ.

ಕಸ್ಟಮ್ಸ್ ಲೆಕ್ಕವೇ ಬೇರೆ. ಶಿಪ್ಪಿಂಗ್ ಕಂಪನಿಯ ಕಡೆಯವರು ಹಡಗಿನಲ್ಲಿ ಹೋಗುವ ಸರಕಿನ ಇಜಿಎಂ ಎಂಬ ಪಟ್ಟಿ ಸಲ್ಲಿಸುತ್ತಾರೆ. ರಫ್ತುದಾರರು ಕಸ್ಟಮ್ಸ್‌ಗೆ ಕೊಟ್ಟ ಶಿಪ್ಪಿಂಗ್ ಬಿಲ್ ಎಂಬ ಘೋಷಣೆಯ ವಿವರ ಅದರೊಂದಿಗೆ ತಾಳೆಯಾಗುವವರೆಗೆ ಅವರಿಗೆ ಐಜಿಎಸ್‌ಟಿ ತೆರಿಗೆಯ ಮರುಪಾವತಿ ಸಿಗುವುದಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋದಿಂದ ರೈಲಿನಲ್ಲಿ ಚೆನ್ನೈಗೆ ಹೋಗಿ ಹಡಗು ಹತ್ತುವ ಸರಕಿನದು ಇನ್ನೂ ಉದ್ದದ ಕಥೆ: ಡಿಪೋದ ದಾಖಲೆ, ಚೆನ್ನೈ ಬಂದರಿನ ದಾಖಲೆ ಎರಡೂ ಹೊಂದಬೇಕು. ಹೊಂದದಿದ್ದರೆ ಕಂಪ್ಯೂಟರಿನಲ್ಲಿ ‘ಎಸ್‌ಬಿ006’ ಎಂಬ ದೋಷ ಕಾಣುತ್ತದೆ. ಜರ್ಮನಿಯ ಗಿರಾಕಿ ಸರಕು ಬಿಚ್ಚಿ, ಹಣವನ್ನೂ ಕಳಿಸಿರಬಹುದು. ಕಸ್ಟಮ್ಸ್ ಪ್ರಕಾರ ಆ ಪೆಟ್ಟಿಗೆ ಚೆನ್ನೈ ಬಿಟ್ಟೇ ಇಲ್ಲ. ಬಿಟ್ಟಿದೆ ಎಂದು ಪೂರಕ ಇಜಿಎಂ ಹಾಕಿಸಲು ರಫ್ತುದಾರ ಬಿ.ಎಲ್. ಪ್ರತಿ, ಕಂಟೇನರ್ ಸಂಖ್ಯೆ ಹಿಡಿದು ಮತ್ತೆ ಶಿಪ್ಪಿಂಗ್ ಏಜೆಂಟರ ಆಫೀಸಿಗೆ ಅಲೆಯಬೇಕು.