ಕೆಲಸಕ್ಕೆ ತಕ್ಕ ಹತ್ಯಾರು

ಮನೆಯೆಂದ ಮೇಲೆ ಅಲ್ಲಿ ಏನಾದರೊಂದು ಸಡಿಲವಾಗುತ್ತಲೋ ಸವೆಯುತ್ತಲೋ ಇರುತ್ತದೆ. ಬಾಗಿಲಿನ ಕೀಲು ಕಿರುಗುಟ್ಟುತ್ತದೆ. ಕುರ್ಚಿಯ ಕಾಲು ಅಲುಗಾಡುತ್ತದೆ. ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ. ಅಂಗಳದಲ್ಲಿ ಕಾರೊಂದು ನಿಂತಿದ್ದರಂತೂ ಇಂಥ ಕೆಲಸಗಳಿಗೆ ಕೊನೆಯೇ ಇಲ್ಲ. ಹಿಂದೆ ಇವಕ್ಕೆಲ್ಲ ಊರಿನ ಬಡಗಿಯೂ ಕಮ್ಮಾರನೂ ಒದಗುತ್ತಿದ್ದರು. ಅವರ ಬಳಿಯಿದ್ದ ಉಳಿ, ಬಾಚಿ, ಬೈರಿಗೆ, ಇಕ್ಕಳಗಳು ಎಣಿಕೆಗೆ ಕೆಲವೇ ಆದರೂ ಒಂದೊಂದಕ್ಕೂ ಗೊತ್ತಾದ ಒಂದೊಂದು ಕೆಲಸವಿತ್ತು. ಇಂದು ಅಂಗಡಿಗೆ ಹೋದರೆ ನೂರು ಬಿಡಿ ವಸ್ತುಗಳನ್ನು ಅಂದವಾದ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಕೊಡುತ್ತಾರೆ. ಆಯುಧಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟು ಹೂವೇರಿಸಲು ಅಡ್ಡಿಯೇನೂ ಇಲ್ಲ. ಆದರೆ ಅದರಲ್ಲಿ ಮನೆಯವರ ಬಳಕೆಗೆ ಬರುವವು ಎಂಟೋ ಹತ್ತೋ. ಮಿಕ್ಕವು ಮುಂದಿನ ಆಯುಧಪೂಜೆಯವರೆಗೂ ಪೆಟ್ಟಿಗೆಯಲ್ಲಿಯೇ ಮಲಗಿರುತ್ತವೆ. ಯಾವುದನ್ನು ಕೊಳ್ಳಬೇಕೆಂಬುದನ್ನು ತಿಳಿಯಬೇಕಾದರೆ ಮೊದಲು ಬಿಚ್ಚಬೇಕಾದ ಸ್ಕ್ರೂವಿನ ತಲೆಯನ್ನೂ ತಿರುಗಿಸಬೇಕಾದ ಬೋಲ್ಟಿನ ಅಂಚನ್ನೂ ಕೊರೆಯಬೇಕಾದ ಗೋಡೆಯ ಗುಣವನ್ನೂ ನೋಡಬೇಕು.

ಸ್ಕ್ರೂವನ್ನೇ ತೆಗೆದುಕೊಳ್ಳೋಣ. ಅದರ ತಲೆಯ ಮೇಲೆ ಒಂದೇ ಗೀರಿದ್ದರೆ ಚಪ್ಪಟೆ ತುದಿಯ ತಿರುಪುಳಿ ಬೇಕು. ಕೂಡಿಸುವ ಚಿಹ್ನೆಯಂತೆ ಎರಡು ಗೀರುಗಳಿದ್ದರೆ ಅಂಗಡಿಯವರು 'ಸ್ಟಾರ್' ಎಂದು ಕರೆಯುವ ತುದಿ ಬೇಕು. ಈ ಎರಡನೆಯ ಬಗೆಯನ್ನು 1930ರ ದಶಕದಲ್ಲಿ ಬಳಕೆಗೆ ತಂದವನು ಅಮೆರಿಕದ ಹೆನ್ರಿ ಫಿಲಿಪ್ಸ್. ಗೀರುಗಳು ನಡುವಿನಲ್ಲಿ ಸಂಧಿಸುವುದರಿಂದ ತುದಿಯು ತಾನಾಗಿಯೇ ನಡುವಿಗೆ ಬಂದು ಕೂರುತ್ತದೆ. ಆದುದರಿಂದಲೇ ಕಾರಿನ ಕಾರ್ಖಾನೆಗಳು ಇದನ್ನು ಬೇಗನೆ ಮೆಚ್ಚಿಕೊಂಡವು. ಇದರಲ್ಲಿಯೂ 0, 1, 2, 3 ಎಂಬ ಅಳತೆಗಳುಂಟು. ಮನೆ ಮತ್ತು ಕಾರಿನ ಹೆಚ್ಚಿನ ಸ್ಕ್ರೂಗಳಿಗೆ 2ನೆಯದು ಸರಿಹೊಂದುತ್ತದೆ. ಸಣ್ಣ ಪ್ಲಗ್ಗು ಮೊದಲಾದವುಗಳಿಗೆ 1ನೆಯದು ಸಾಕು. ದೊಡ್ಡ ಸ್ಕ್ರೂವಿಗೆ ಚಿಕ್ಕ ತುದಿಯನ್ನು ಇಟ್ಟು ತಿರುಗಿಸಿದರೆ ಅದು ಒಳಗೇ ಜಾರಿ ಜಾರಿ ಗೀರುಗಳ ಅಂಚನ್ನು ಕೆರೆದುಹಾಕುತ್ತದೆ. ಹಾಗೆ ಸವೆದ ತಲೆಯನ್ನು ಆಮೇಲೆ ಸರಿಯಾದ ತಿರುಪುಳಿಯೂ ಹಿಡಿಯಲಾರದು. ಚಪ್ಪಟೆ ತುದಿಯಾದರೆ ಅದರ ಅಗಲವು ಗೀರಿನ ಉದ್ದಕ್ಕೆ ಸರಿಸಮನಾಗಿರಬೇಕು. ಪಾಪ, ತಿರುಪುಳಿಯಷ್ಟು ದುಡಿಮೆಗೆ ಸಿಕ್ಕಿದ ಹತ್ಯಾರು ಮತ್ತೊಂದಿಲ್ಲ. ನಮ್ಮ ಮನೆಗಳಲ್ಲಿ ಅದು ಉಳಿಯೂ ಹೌದು, ಮೀಟುಗೋಲೂ ಹೌದು, ಬಣ್ಣದ ಡಬ್ಬದ ಮುಚ್ಚಳ ತೆಗೆಯುವ ಸಾಧನವೂ ಹೌದು. ತುದಿ ಮೊಂಡಾದ ಮೇಲೆ ಅದನ್ನು ಬಯ್ದು ಫಲವಿಲ್ಲ.

ಸ್ಪ್ಯಾನರಿನ ವಿಷಯ ಇನ್ನಷ್ಟು ಗಮನ ಬೇಡುತ್ತದೆ. ಅದರ ಮೇಲೆ ಕೆತ್ತಿದ ಸಂಖ್ಯೆಯು ಬೋಲ್ಟಿನ ದಪ್ಪವಲ್ಲ. ಆರು ಮೂಲೆಯ ತಲೆಯ ಎದುರುಬದುರು ಮುಖಗಳ ನಡುವಿನ ಅಂತರ. 6 ಮಿ.ಮೀ. ದಪ್ಪದ ಬೋಲ್ಟಿನ ತಲೆ ಸಾಮಾನ್ಯವಾಗಿ 10 ಮಿ.ಮೀ. ಅಗಲವಾಗಿರುತ್ತದೆ, ಅದಕ್ಕೆ 10ರ ಸ್ಪ್ಯಾನರೇ ಬೇಕು. ಸ್ಕ್ರೂವಿನ ಎಳೆಗಳಿಗೆ ಒಂದು ಗೊತ್ತಾದ ಮಾನವನ್ನು 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಸೂಚಿಸಿದನು. ಅದಕ್ಕೆ ಮೊದಲು ಒಂದು ಕಾರ್ಖಾನೆಯ ನಟ್ಟು ಇನ್ನೊಂದು ಕಾರ್ಖಾನೆಯ ಬೋಲ್ಟಿಗೆ ಕೂಡುತ್ತದೆಂಬ ಭರವಸೆಯೇ ಇರಲಿಲ್ಲ. ವಿಟ್‌ವರ್ತನ ಮಾನವು ಅಂಗುಲದ ಮಾನ. ಭಾರತವು 1956ರ ಶಾಸನದ ಮೂಲಕ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡ ಮೇಲೆಯೂ ಅಂಗುಲದ ಬೋಲ್ಟುಗಳು ಕೂಡಲೇ ಮರೆಯಾಗಲಿಲ್ಲ. ಆದುದರಿಂದ ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಅರ್ಧ ಅಂಗುಲದ ಸ್ಪ್ಯಾನರ್ ಸಿಕ್ಕಿದರೆ ಆಶ್ಚರ್ಯಪಡಬೇಕಾಗಿಲ್ಲ. ಅರ್ಧ ಅಂಗುಲವೆಂದರೆ 12.7 ಮಿ.ಮೀ. ಆ ಅಳತೆಯ ಬೋಲ್ಟಿಗೆ 13ರ ಸ್ಪ್ಯಾನರನ್ನು ಹಾಕಿದರೆ ನಡುವೆ 0.3 ಮಿ.ಮೀ. ತೆರವು ಉಳಿಯುತ್ತದೆ. ಇದು ಮೂರು ಕಾಗದದ ಹಾಳೆಗಳಷ್ಟೇ ದಪ್ಪ, ನಿಜ. ಆದರೆ ತುಕ್ಕು ಹಿಡಿದು ಬಿಗಿದ ಬೋಲ್ಟಿನ ಮೂಲೆಗಳನ್ನು ಉರುಟು ಮಾಡಲು ಅಷ್ಟೇ ಸಾಕು.

ಬಾಯಿ ತೆರೆದ ಸ್ಪ್ಯಾನರು ಬೋಲ್ಟಿನ ಎರಡು ಮುಖಗಳನ್ನು ಮಾತ್ರ ಹಿಡಿಯುತ್ತದೆ. ಬಳೆಯಂತಿರುವ ರಿಂಗ್ ಸ್ಪ್ಯಾನರು ಆರು ಮೂಲೆಗಳನ್ನೂ ಹಿಡಿಯುತ್ತದೆ. ಬಿಗಿಯಾದುದನ್ನು ಮೊದಲು ರಿಂಗಿನಿಂದ ಸಡಿಲಿಸಿ, ಆಮೇಲೆ ತೆರೆದ ಬಾಯಿಯಿಂದ ಬೇಗಬೇಗನೆ ಬಿಚ್ಚುವುದು ಅನುಭವಿಗಳ ಕ್ರಮ. ಒಂದು ತುದಿಯಲ್ಲಿ ರಿಂಗು, ಇನ್ನೊಂದರಲ್ಲಿ ಬಾಯಿ ಇರುವ ಜಾತಿಯನ್ನು ಕೊಂಡರೆ ಎರಡಕ್ಕೂ ಆಯಿತು. ಜಪಾನಿ ಮೂಲದ ಸಣ್ಣ ಕಾರುಗಳಲ್ಲಿ 10, 12, 14ರ ಅಳತೆಗಳು ಮತ್ತೆ ಮತ್ತೆ ಬರುತ್ತವೆ; ಯೂರೋಪಿನ ಮೂಲದವುಗಳಲ್ಲಿ 12ರ ಬದಲು 13 ಕಾಣಿಸಿಕೊಳ್ಳುತ್ತದೆ. ನಿಮ್ಮ ಮನೆಯ ವಾಹನದಲ್ಲಿ ಯಾವುದಿದೆಯೆಂದು ನೋಡಿಕೊಂಡು ಐದಾರನ್ನು ಕೊಂಡರೆ ಸಾಕು. ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಸ್ಕ್ರೂ ಸ್ಪ್ಯಾನರು ನಲ್ಲಿಯ ಕೆಲಸಕ್ಕೆ ಒಳ್ಳೆಯದು; ಕಾರಿನ ಬಿಗಿಯಾದ ಬೋಲ್ಟುಗಳ ಹತ್ತಿರ ಅದನ್ನು ತರದಿರುವುದೇ ಲೇಸು.

ಕಾರಿನ ಚಕ್ರ ಬದಲಾಯಿಸುವ ಸಂದರ್ಭ ಯಾರಿಗೆ ಎಲ್ಲಿ ಒದಗುತ್ತದೆಂದು ಹೇಳಲಾಗದು. ನಡುರಾತ್ರಿ ಘಟ್ಟದ ರಸ್ತೆಯಲ್ಲಿಯೂ ಒದಗಬಹುದು. ಸಣ್ಣ ಕಾರಿನ ಚಕ್ರದ ನಟ್ಟಿಗೆ ಸುಮಾರು 100 ನ್ಯೂಟನ್ ಮೀಟರ್ ತಿರುಗುಬಲ ಬೇಕೆಂದು ಇಟ್ಟುಕೊಳ್ಳೋಣ. ತಿರುಗುಬಲವೆಂದರೆ ನಾವು ಹಾಕುವ ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದ ಮೊತ್ತ. ಕಾರಿನೊಡನೆ ಬರುವ ಗಿಡ್ಡ ಸ್ಪ್ಯಾನರಿನ ಹಿಡಿ 25 ಸೆ.ಮೀ. ಇದ್ದರೆ ಅದರ ತುದಿಯ ಮೇಲೆ 400 ನ್ಯೂಟನ್, ಎಂದರೆ ಸುಮಾರು 40 ಕಿಲೋಗ್ರಾಂ ತೂಕದಷ್ಟು ಭಾರ ಹಾಕಬೇಕು. ಹಿಡಿಯನ್ನು 50 ಸೆ.ಮೀ.ಗೆ ಹೆಚ್ಚಿಸಿದರೆ ಅದರ ಅರ್ಧ ಸಾಕು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಿರಾಯಾಸವಾಗಿ ಸಡಿಲಿಸಬಲ್ಲಳು. ಚಕ್ರದ ಕೆಲಸ ಗಂಡಸರದೆಂಬ ಮಾತು ಗಿಡ್ಡ ಹಿಡಿಯಿಂದ ಹುಟ್ಟಿರಬೇಕು! ಉದ್ದ ಹಿಡಿಯ ಸ್ಪ್ಯಾನರೊಂದನ್ನು ಕಾರಿನಲ್ಲಿ ಇಟ್ಟುಕೊಳ್ಳುವುದು ನಾನು ಕಂಡಂತೆ ಅತ್ಯಂತ ಲಾಭದ ಖರ್ಚು. ಆದರೆ ಬಿಗಿಯುವಾಗ ಅದರ ಮೇಲೆ ಹತ್ತಿ ಕುಣಿಯಬಾರದು. ಮಿತಿಮೀರಿ ಬಿಗಿದರೆ ಬೋಲ್ಟಿನ ಉಕ್ಕು ಹಿಗ್ಗಿ ನಿಶ್ಶಕ್ತವಾಗುತ್ತದೆ. ಸರಿಯಾದ ಅಳತೆ ಕಾರಿನ ಕೈಪಿಡಿಯಲ್ಲಿರುತ್ತದೆ; ಚಕ್ರ ಬದಲಿಸಿದ ಮೇಲೆ ಹತ್ತಿರದ ಟೈರಿನ ಅಂಗಡಿಯಲ್ಲಿ ಒಮ್ಮೆ ಅಳೆಯಿಸಿಕೊಳ್ಳಬೇಕು.

ಜಾಕ್ ಎಂಬುದು ಕಾರನ್ನು ಎತ್ತುವ ಸಾಧನ. ಎತ್ತಿದುದನ್ನು ಹೊತ್ತು ನಿಲ್ಲಿಸುವ ಸಾಧನವಲ್ಲ. ಈ ಭೇದವನ್ನು ಅರಿಯದೆ ಪ್ರಾಣ ಕಳೆದುಕೊಂಡವರುಂಟು. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರನ್ನು ನಿಲ್ಲಿಸಿ, ಕೈಬ್ರೇಕು ಹಾಕಿ, ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಚಕ್ರವು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಅನಂತರ ಎತ್ತಬೇಕು. ಎತ್ತಿದ ಮೇಲೆ ಬಲ ಹಾಕಿ ಎಳೆದರೆ ಕಾರು ಜಾಕಿನಿಂದ ಉರುಳಬಹುದು. ಎಷ್ಟೇ ಸಣ್ಣ ಕಾರಾದರೂ ಅದರ ತೂಕ ಏಳೆಂಟು ನೂರು ಕಿಲೋಗ್ರಾಂ. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ತಲೆಯನ್ನಾಗಲಿ ಕೈಯನ್ನಾಗಲಿ ಒಡ್ಡಕೂಡದು. ಅಡಿಯಲ್ಲಿ ಕೆಲಸವಿದ್ದರೆ ಗಟ್ಟಿಯಾದ ಉಕ್ಕಿನ ಸ್ಟ್ಯಾಂಡುಗಳನ್ನು ಕೊಡಬೇಕು. ಇಟ್ಟಿಗೆಗಳನ್ನು ಪೇರಿಸುವುದು ಬೇಡ. ಅವು ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗುತ್ತವೆ.

ಕಾರಿನ ಬ್ಯಾಟರಿಯನ್ನು ಬಿಚ್ಚಲು ಬೇಕಾಗುವುದು ಹೆಚ್ಚಾಗಿ 10ರ ಒಂದು ಸ್ಪ್ಯಾನರ್ ಮಾತ್ರ. ಆದರೆ ಯಾವ ತುದಿಯನ್ನು ಮೊದಲು ಬಿಚ್ಚಬೇಕೆಂಬುದರಲ್ಲಿ ವಿವೇಕವಿದೆ. ಕಾರಿನ ಮೈಯೆಲ್ಲ ಋಣ ತುದಿಗೆ ಸೇರಿಕೊಂಡಿರುತ್ತದೆ. ಧನ ತುದಿಯನ್ನು ಮೊದಲು ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ಕೊನೆಯು ಕಾರಿನ ಲೋಹಕ್ಕೆ ತಗಲಿದರೆ ವಿದ್ಯುತ್ತಿಗೆ ನೇರ ಹಾದಿ ದೊರೆತು, ನೂರಾರು ಆಂಪಿಯರ್ ಪ್ರವಾಹ ಹರಿದು ಕಿಡಿಗಳು ಸಿಡಿಯುತ್ತವೆ. 12 ವೋಲ್ಟು ನಮ್ಮನ್ನು ಕೊಲ್ಲಲಾರದಾದರೂ ಆ ಪ್ರವಾಹವು ಬೆರಳಿನ ಉಂಗುರವನ್ನು ಕ್ಷಣದಲ್ಲಿ ಕಾಯಿಸಿ ಕೆಂಪಗೆ ಮಾಡಬಲ್ಲದು. ಆದುದರಿಂದ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಟ್ಟು, ಋಣ ತುದಿಯನ್ನು ಮೊದಲು ಬಿಚ್ಚಿ, ಮತ್ತೆ ಜೋಡಿಸುವಾಗ ಅದನ್ನೇ ಕಡೆಯಲ್ಲಿ ಜೋಡಿಸಬೇಕು. ವಿದ್ಯುತ್ತಿನಿಂದ ಓಡುವ ಕಾರುಗಳ ಮಾತೇ ಬೇರೆ. ಅವುಗಳಲ್ಲಿ ಕಿತ್ತಳೆ ಬಣ್ಣದ ಹೊದಿಕೆಯ ತಂತಿಗಳಲ್ಲಿ ನೂರಾರು ವೋಲ್ಟು ಇರುತ್ತದೆ. ಅವನ್ನು ಮನೆಯಲ್ಲಿ ಯಾರೂ ಮುಟ್ಟತಕ್ಕದ್ದಲ್ಲ.

ಇನ್ನು ಮನೆಯೊಳಗಣ ಕೈಹತ್ಯಾರುಗಳು. ಮೊಳೆ ಹೊಡೆಯಲೂ ಕೀಳಲೂ ಬರುವ ಸುತ್ತಿಗೆ, ಅಳತೆಯ ಟೇಪು, ಇಕ್ಕಳ, ಗರಗಸ ಇಷ್ಟಿದ್ದರೆ ಬಹಳ ಕೆಲಸ ನಡೆಯುತ್ತದೆ. ಇಕ್ಕಳದ ಹಿಡಿಗೆ ಬಣ್ಣದ ಪ್ಲಾಸ್ಟಿಕ್ ಹೊದಿಸಿದ ಮಾತ್ರಕ್ಕೆ ಅದು ವಿದ್ಯುತ್ ಕೆಲಸಕ್ಕೆ ಯೋಗ್ಯವಾಗುವುದಿಲ್ಲ. 1000 ವೋಲ್ಟಿನ ಗುರುತಿದೆಯೇ ಎಂದು ನೋಡಬೇಕು. ಲೋಹ ಕೊಯ್ಯುವ ಗರಗಸದ ಅಲಗಿನಲ್ಲಿ ಅಂಗುಲಕ್ಕೆ 18, 24, 32 ಹೀಗೆ ಹಲ್ಲುಗಳಿರುತ್ತವೆ. ಕೊಯ್ಯುವ ವಸ್ತುವಿನ ದಪ್ಪದ ಮೇಲೆ ಯಾವಾಗಲೂ ಮೂರು ಹಲ್ಲುಗಳಾದರೂ ಕೂತಿರಬೇಕೆಂಬುದು ನಿಯಮ. ತೆಳುವಾದ ತಗಡಿಗೆ ದೊಡ್ಡ ಹಲ್ಲಿನ ಅಲಗನ್ನು ಹಾಕಿದರೆ ತಗಡು ಹಲ್ಲುಗಳ ನಡುವೆ ಸಿಕ್ಕಿಕೊಂಡು ಹಲ್ಲೇ ಮುರಿಯುತ್ತದೆ.

ವಿದ್ಯುತ್ ಉಪಕರಣಗಳಲ್ಲಿ ಮನೆಗೆ ಮೊದಲು ಬೇಕಾದುದು ಬೈರಿಗೆಯ ವಂಶಕ್ಕೆ ಸೇರಿದ ಡ್ರಿಲ್. ಕೈಯಲ್ಲಿ ಹಿಡಿಯಬಹುದಾದ ವಿದ್ಯುತ್ ಡ್ರಿಲ್ಲನ್ನು 1895ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟಿನಲ್ಲಿ ಫೈನ್ ಸೋದರರು ತಯಾರಿಸಿದರು. ಪಿಸ್ತೂಲಿನಂಥ ಹಿಡಿಯನ್ನೂ ಬೆರಳಿನಿಂದ ಒತ್ತುವ ಗುಂಡಿಯನ್ನೂ ಸೇರಿಸಿ ಅದನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ಬ್ಲ್ಯಾಕ್ ಮತ್ತು ಡೆಕರ್. ಅದರ ಹಕ್ಕುಪತ್ರ ಅವರಿಗೆ ದೊರೆತುದು 1917ರಲ್ಲಿ. ಅವರ ಸಂಸ್ಥೆಯೇ 1961ರಲ್ಲಿ ಬ್ಯಾಟರಿಯಿಂದ ನಡೆಯುವ ಡ್ರಿಲ್ಲನ್ನು ಹೊರತಂದಿತು.

ಡ್ರಿಲ್ ಒಂದೇ ಆದರೂ ತುದಿಗೆ ಹಾಕುವ ಕೊರೆಯುವ ಕಡ್ಡಿಗಳು, ಎಂದರೆ ಬಿಟ್ಟುಗಳು, ಬೇರೆ ಬೇರೆ. ಮರದ ಬಿಟ್ಟಿಗೆ ನಡುವೆ ಮುಳ್ಳಿನಂಥ ಮೊನೆಯಿರುತ್ತದೆ. ಲೋಹದ್ದು ವಿಶೇಷ ಉಕ್ಕಿನದು. ಅದನ್ನು ನಿಧಾನವಾಗಿ ತಿರುಗಿಸಿ ಎರಡು ತೊಟ್ಟು ಎಣ್ಣೆ ಬಿಡಬೇಕು. ಗೋಡೆಯ ಬಿಟ್ಟಿನ ತುದಿಯಲ್ಲಿ ಕಾರ್ಬೈಡಿನ ಗಟ್ಟಿ ತುಣುಕೊಂದನ್ನು ಬೆಸೆದಿರುತ್ತಾರೆ. ಗೋಡೆಗಳಲ್ಲಿಯೂ ಭೇದವುಂಟು. ಕರಾವಳಿಯ ಕೆಂಪುಕಲ್ಲಿನ ಗೋಡೆಯನ್ನೂ ಇಟ್ಟಿಗೆಯ ಗೋಡೆಯನ್ನೂ ಸಾಮಾನ್ಯ ಡ್ರಿಲ್ ಸಲೀಸಾಗಿ ಕೊರೆಯುತ್ತದೆ; ಕಾಂಕ್ರೀಟಿನ ತೊಲೆಗೆ ಬಂದರೆ ಗದ್ದಲವೇ ಹೊರತು ರಂಧ್ರ ಕಾಣದು. ಸಾಮಾನ್ಯ ಹ್ಯಾಮರ್ ಡ್ರಿಲ್ಲಿನಲ್ಲಿ ಹಲ್ಲುಳ್ಳ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ನಡುಕ ಹುಟ್ಟಿಸುತ್ತವೆ. ಒತ್ತುವ ಶ್ರಮವೆಲ್ಲ ನಮ್ಮ ತೋಳಿನದು. ರೋಟರಿ ಹ್ಯಾಮರಿನಲ್ಲಾದರೋ ಒಳಗಿನ ಕೊಂತವು ಗಾಳಿಯನ್ನು ಅದುಮಿ, ಆ ಗಾಳಿಯ ಒತ್ತಡದಿಂದ ಉಕ್ಕಿನ ತುಂಡೊಂದು ಬಿಟ್ಟಿನ ಬೆನ್ನಿಗೆ ಬಡಿಯುತ್ತದೆ. ನಾವು ಹಿಡಿದು ನಿಂತರೆ ಸಾಕು. ಎರಡು ಮೂರು ವರ್ಷಕ್ಕೊಮ್ಮೆ ಬೇಕಾಗುವ ಈ ಯಂತ್ರವನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಮೇಲು. ಯಾವ ಯಂತ್ರವಾದರೂ ಸ್ವಿಚ್ಚುಹಲಗೆಯ ನೇರ ಮೇಲೆ ಅಥವಾ ಕೆಳಗೆ ಗೋಡೆ ಕೊರೆಯಬಾರದು. ಗೋಡೆಯೊಳಗಿನ ತಂತಿಗಳು ಹೆಚ್ಚಾಗಿ ಅದೇ ದಾರಿಯಲ್ಲಿ ಇಳಿದಿರುತ್ತವೆ.

ಎರಡನೆಯದಾಗಿ ಜನ ಕೊಳ್ಳಲು ಹಂಬಲಿಸುವುದು ಗ್ರೈಂಡರ್. ಈ ಹಂಬಲವನ್ನು ಸ್ವಲ್ಪ ತಡೆದುಕೊಳ್ಳುವುದು ಒಳಿತು. ಅದರ 100 ಮಿ.ಮೀ. ಚಕ್ರವು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿ ನೋಡಿದರೆ ಚಕ್ರದ ಅಂಚಿನ ವೇಗ ಗಂಟೆಗೆ 207 ಕಿ.ಮೀ. ಕಾಪಿನ ತಗಡನ್ನು ಕಳಚಿ ಅದೇ ಯಂತ್ರಕ್ಕೆ 180 ಮಿ.ಮೀ. ಚಕ್ರವನ್ನು ಸಿಕ್ಕಿಸುವ ಸಾಹಸಿಗಳಿದ್ದಾರೆ. ಆಗ ವೇಗ 373 ಕಿ.ಮೀ. ಆಗುತ್ತದೆ, ಚಕ್ರಗಳ ಮೇಲೆ ಸಾಮಾನ್ಯವಾಗಿ ಮುದ್ರಿಸಿರುವ ಮಿತಿಯೋ ಸೆಕೆಂಡಿಗೆ 80 ಮೀಟರ್, ಎಂದರೆ 288 ಕಿ.ಮೀ. ಮಿತಿ ಮೀರಿದ ಚಕ್ರ ಒಡೆದರೆ ಅದರ ಚೂರುಗಳು ಯಾವ ಕಡೆಗೆ ಹಾರುತ್ತವೆಂದು ಹೇಳುವವರಾರು? ಮರ ಕೊಯ್ಯುವ ಹಲ್ಲಿನ ಚಕ್ರವನ್ನು ಇದಕ್ಕೆ ಹಾಕುವುದು ಇನ್ನೂ ಘೋರ. ಹಲ್ಲು ಮರದಲ್ಲಿ ಸಿಕ್ಕಿಕೊಂಡರೆ ಯಂತ್ರವು ಹಿಡಿದವನ ಕಡೆಗೇ ಎಗರುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ ಗ್ರೈಂಡರಿನ ಬಳಿ ನಿಲ್ಲಲೂಬಾರದು. ತಿರುಗುವ ಯಂತ್ರದ ಬಳಿ ಬಟ್ಟೆಯ ಕೈಗವಸು, ಇಳಿಬಿದ್ದ ಸೆರಗು, ಬಿಚ್ಚಿದ ಜಡೆ ಯಾವುದೂ ಸಲ್ಲದು.

ಕೊಳ್ಳುವಾಗ ವಿದ್ಯುತ್ ಉಪಕರಣದ ಮೈಮೇಲೆ ಚೌಕದೊಳಗೊಂದು ಚೌಕ ಬರೆದಿದೆಯೇ ಎಂದು ನೋಡಬೇಕು. ಒಳಗೆ ಎರಡು ಪದರದ ನಿರೋಧಕವಿದೆಯೆಂಬುದಕ್ಕೆ ಅದು ಗುರುತು. ಆ ಗುರುತಿಲ್ಲದ ಲೋಹದ ಮೈಯ ಯಂತ್ರಕ್ಕೆ ಭೂಸಂಪರ್ಕವಿರುವ ಮೂರು ಕಡ್ಡಿಯ ಪ್ಲಗ್ಗು ಬೇಕೇಬೇಕು. ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿ 30 ಮಿಲಿ ಆಂಪಿಯರಿನಷ್ಟು ಸೋರಿಕೆಗೇ ಪ್ರವಾಹ ಕಡಿಯುವ ಸಾಧನವಿದ್ದರೆ ಇನ್ನೂ ಧೈರ್ಯ. ಬ್ಯಾಟರಿಯ ಉಪಕರಣ ಕೊಳ್ಳುವವರು ಒಂದೇ ತಯಾರಕರದನ್ನು ಆರಿಸಿಕೊಂಡು, ಒಂದೇ ಬ್ಯಾಟರಿ ಎಲ್ಲಕ್ಕೂ ಕೂಡುವಂತೆ ನೋಡಿಕೊಳ್ಳುತ್ತಾರೆ. ಬ್ಯಾಟರಿಯ ಬೆಲೆಯೇ ಅಧಿಕವಾದುದರಿಂದ ಇದು ಜಾಣತನ.

ತಂದ ಹತ್ಯಾರುಗಳನ್ನು ಇಡುವ ಜಾಗವೂ ಗೊತ್ತಾಗಿರಬೇಕು. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಒರೆಸದೆ ಇಟ್ಟ ಉಕ್ಕಿಗೆ ಬಲು ಬೇಗ ತುಕ್ಕು ಹತ್ತುತ್ತದೆ. ಯಂತ್ರದ ಎಣ್ಣೆ ತಗಲಿಸಿದ ಬಟ್ಟೆಯೊಂದರಿಂದ ಒರೆಸಿಟ್ಟರೆ ಸಾಕು. ಗೋಡೆಗೆ ಒಂದು ಹಲಗೆ ಬಡಿದು, ಪ್ರತಿಯೊಂದನ್ನೂ ನೇತುಹಾಕುವೆಡೆ ಅದರ ಆಕಾರವನ್ನು ಬಣ್ಣದಿಂದ ಬರೆದಿಡುವ ಪದ್ಧತಿ ನನಗೆ ಬಹಳ ಇಷ್ಟ. ನೆರೆಮನೆಗೆ ಹೋದ ಇಕ್ಕಳ ಇನ್ನೂ ಬಂದಿಲ್ಲವೆಂಬುದನ್ನು ಬರಿದಾದ ಆ ಜಾಗವೇ ದಿನವೂ ನೆನಪಿಸುತ್ತಿರುತ್ತದೆ.