ಗಲ್ಲಾದ ಮಾಲೀಕ, ಪಾಲುದಾರ ನಟರು

1603ರ ಆರಂಭದಲ್ಲಿ ಲಂಡನ್ನಿನ ನಾಟಕಕಾರ ಥಾಮಸ್ ಹೇವುಡ್‌ಗೆ ಒಂದು ಹೊಸ ದುರಂತ ನಾಟಕ ಬರೆದುಕೊಟ್ಟಿದ್ದಕ್ಕೆ ಸಿಕ್ಕಿದ್ದು 6 ಪೌಂಡ್. ಅದೇ ನಾಟಕಕ್ಕೆಂದು ಮಾಡಿಸಿದ ಕಪ್ಪು ಮಖಮಲ್ಲಿನ ಗೌನಿಗೆ ತಗುಲಿದ ಖರ್ಚು 6 ಪೌಂಡ್ 13 ಶಿಲ್ಲಿಂಗ್. ನಾಟಕಕ್ಕಿಂತ ಅದರ ಉಡುಪೇ ತುಟ್ಟಿ! ಎರಡೂ ಲೆಕ್ಕ ಒಂದೇ ಪುಸ್ತಕದಲ್ಲಿವೆ. ಬರೆದಿಟ್ಟವನು ಫಿಲಿಪ್ ಹೆನ್ಸ್‌ಲೋ.

ಈ ಪುಸ್ತಕವನ್ನು ‘ಹೆನ್ಸ್‌ಲೋ ಡೈರಿ’ ಎಂದು ಕರೆಯುವುದು ರೂಢಿ. ಆದರೆ ಇದರಲ್ಲಿ ಮನಸ್ಸಿನ ಮಾತು ಒಂದೂ ಇಲ್ಲ. ಯಾರಿಗೆ ಎಷ್ಟು ಸಾಲ, ಯಾವ ಆಟಕ್ಕೆ ಎಷ್ಟು ವಸೂಲಿ, ಮರಮುಟ್ಟಿಗೆಷ್ಟು, ಬಟ್ಟೆಗೆಷ್ಟು, ಬರೀ ಇಂಥವೇ. ಪುಸ್ತಕವೂ ಹೊಸದಲ್ಲ. ಅವನ ಅಣ್ಣನೋ ತಮ್ಮನೋ ಆಗಿದ್ದ ಜಾನ್ 1570ರ ದಶಕದಲ್ಲಿ ಗಣಿ, ಕುಲುಮೆಗಳ ಲೆಕ್ಕ ಬರೆದು ಬಿಟ್ಟಿದ್ದ ಪುಸ್ತಕದ ಖಾಲಿ ಹಾಳೆಗಳನ್ನೇ ಹೆನ್ಸ್‌ಲೋ ಬಳಸಿಕೊಂಡ. ಎಲಿಜಬೆತ್ ಕಾಲದ ನಾಟಕಶಾಲೆ ದಿನದಿನಕ್ಕೆ ಹೇಗೆ ನಡೆಯುತ್ತಿತ್ತೆಂದು ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಈ ಜಿಪುಣತನದ ಹಾಳೆಗಳಿಂದಲೇ ಬಂದದ್ದು.

ಹೆನ್ಸ್‌ಲೋ ನಟನಲ್ಲ, ಕವಿಯೂ ಅಲ್ಲ. ಬಟ್ಟೆಗೆ ಬಣ್ಣ ಹಾಕುವವನ ಬಳಿ ಕೆಲಸಕ್ಕಿದ್ದು, ಯಜಮಾನ ತೀರಿಕೊಂಡ ಮೇಲೆ ಅವನ ವಿಧವೆಯನ್ನು ಮದುವೆಯಾದವನು. ಗಂಜಿಪುಡಿ ತಯಾರಿಕೆ, ಗಿರವಿ ಅಂಗಡಿ, ಬಾಡಿಗೆ ಮನೆಗಳು, ಕರಡಿಯ ಮೇಲೆ ನಾಯಿಗಳನ್ನು ಛೂಬಿಡುವ ಆಟ, ದುಡ್ಡು ಹುಟ್ಟುವ ಕಡೆಯೆಲ್ಲ ಅವನ ಕೈ ಇತ್ತು. 1587ರಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ‘ರೋಸ್’ ನಾಟಕಶಾಲೆ ಕಟ್ಟಿಸಿದ. ನಾಟಕವೆಂದರೆ ಸಿಡಿಮಿಡಿಗೊಳ್ಳುತ್ತಿದ್ದ ಲಂಡನ್ ನಗರಾಡಳಿತದ ಅಧಿಕಾರ ಹೊಳೆಯಾಚೆಯ ಆ ಜಾಗದಲ್ಲಿ ನಡೆಯುತ್ತಿರಲಿಲ್ಲ.

ನಟರ ಕಂಪನಿಗಳದ್ದು ಬೇರೆಯೇ ಲೋಕ. 1572ರ ಕಾಯ್ದೆಯ ಪ್ರಕಾರ ಯಾವುದಾದರೂ ದೊಡ್ಡ ಪ್ರಭುವಿನ ಆಶ್ರಯವಿಲ್ಲದ ನಟ ಪೋಲಿ ಅಲೆಮಾರಿಗೆ ಸಮ, ಸಿಕ್ಕರೆ ಶಿಕ್ಷೆ. ಹಾಗಾಗಿ ಲೆಸ್ಟರ್ ಪ್ರಭುವಿನ ಕಂಪನಿ, ಅಡ್ಮಿರಲ್ ಕಂಪನಿ, ಲಾರ್ಡ್ ಚೇಂಬರ್ಲೇನ್ ಕಂಪನಿ ಎಂದು ಹೆಸರು ಹೊತ್ತೇ ತಿರುಗಬೇಕಿತ್ತು. ಒಳಗೆ ಮೂರು ದರ್ಜೆ. ಬಂಡವಾಳ ಹಾಕಿ ಲಾಭನಷ್ಟ ಹಂಚಿಕೊಳ್ಳುವ ಪಾಲುದಾರ ನಟರು, ವಾರದ ಕೂಲಿಯ ನಟರು, ಸ್ತ್ರೀಪಾತ್ರ ಮಾಡುವ ಹುಡುಗರು. ಅಂಗಳದಲ್ಲಿ ನಿಂತು ನೋಡಲು 1 ಪೆನ್ನಿ, ಗ್ಯಾಲರಿ ಹತ್ತಲು ಇನ್ನೊಂದು. ಗ್ಯಾಲರಿಯ ವಸೂಲಿಯಲ್ಲಿ ಒಂದು ಭಾಗ ಕಟ್ಟಡದ ಮಾಲೀಕನಿಗೆ. 1592ರ ಮಾರ್ಚ್ 3ರಂದು ಆರನೆಯ ಹೆನ್ರಿಯ ಕುರಿತ ನಾಟಕವೊಂದು ಹೆನ್ಸ್‌ಲೋಗೆ 3 ಪೌಂಡ್ 16 ಶಿಲ್ಲಿಂಗ್ 8 ಪೆನ್ಸ್ ತಂದಿತು. ಅದು ಷೇಕ್ಸ್‌ಪಿಯರನ ಕೈ ಇದ್ದ ನಾಟಕವೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಹೆನ್ಸ್‌ಲೋ ಮಾತ್ರ ಕವಿಯ ಹೆಸರು ಬರೆಯುವ ಗೋಜಿಗೇ ಹೋಗಿಲ್ಲ.

ಇಂದು ಆಡಿದ್ದನ್ನು ನಾಳೆ ಆಡುವಂತಿರಲಿಲ್ಲ. 1594–95ರ ಒಂದೇ ಹಂಗಾಮಿನಲ್ಲಿ ಹೆನ್ಸ್‌ಲೋನ ರೋಸ್‌ನಲ್ಲಿ ಅಡ್ಮಿರಲ್ ಕಂಪನಿ 38 ನಾಟಕ ಆಡಿತು. ಅವುಗಳಲ್ಲಿ 21 ಹೊಸವು. ತಾಲೀಮಿಗೆ ಸಮಯ ಎಲ್ಲಿಂದ ಬರಬೇಕು? ಪೂರ್ತಿ ನಾಟಕದ ಪ್ರತಿ ನಟನ ಕೈಗೆ ಸಿಗುತ್ತಿರಲಿಲ್ಲ. ತನ್ನ ಪಾರ್ಟು, ಅದಕ್ಕೆ ಮುಂಚಿನವನು ಆಡುವ ಕೊನೆಯ ನಾಲ್ಕಾರು ಪದ, ಇಷ್ಟೇ ಬರೆದ ಉದ್ದನೆಯ ಸುರುಳಿ. ಎಡ್ವರ್ಡ್ ಆಲೆನ್ ಎಂಬ ಮಹಾನಟನ ಅಂಥ ಒಂದು ಸುರುಳಿ ಇಂದಿಗೂ ಉಳಿದಿದೆ.

ಈ ಹಸಿವಿಗೆ ನಾಟಕ ಒದಗಿಸಲು ಕವಿಗಳು ಇಬ್ಬರು ಮೂವರು ಸೇರಿ ಬರೆಯುತ್ತಿದ್ದರು. ಒಂದಿಷ್ಟು ಮುಂಗಡ, ಒಂದು ಅಂಕ ಕೊಟ್ಟಾಗ ಇನ್ನಷ್ಟು. 1598ರಲ್ಲಿ ಥಾಮಸ್ ಡೆಕ್ಕರ್‌ನನ್ನು ಜೈಲಿನಿಂದ ಬಿಡಿಸಲು ಹೆನ್ಸ್‌ಲೋ 40 ಶಿಲ್ಲಿಂಗ್ ಕೊಟ್ಟ. ಕರುಣೆಯೇ? ಇರಬಹುದು. ಆದರೆ ಒಳಗಿದ್ದ ಕವಿಯಿಂದ ನಾಟಕ ಹೊರಡುವುದಿಲ್ಲ ಎಂಬ ಲೆಕ್ಕವೂ ಅವನಿಗೆ ಗೊತ್ತಿತ್ತು. ಅದೇ ವರ್ಷ ಬೆನ್ ಜಾನ್ಸನ್ ದ್ವಂದ್ವಯುದ್ಧದಲ್ಲಿ ಕಂಪನಿಯ ನಟ ಗೇಬ್ರಿಯಲ್ ಸ್ಪೆನ್ಸರ್‌ನನ್ನು ಕೊಂದಾಗ, ಹೆನ್ಸ್‌ಲೋ ಸುದ್ದಿ ತಿಳಿಸುವ ಪತ್ರದಲ್ಲಿ ಆ ಕವಿಯನ್ನು ಇಟ್ಟಿಗೆ ಕಟ್ಟುವವನೆಂದು ಕರೆದಿದ್ದಾನೆ.

ಆ ಪತ್ರ ಹೋದದ್ದು ಆಲೆನ್‌ಗೆ. ಹೆನ್ಸ್‌ಲೋನ ಹೆಂಡತಿಯ ಮೊದಲ ಮದುವೆಯ ಮಗಳು ಜೋನ್‌ಳನ್ನು 1592ರಲ್ಲಿ ಮದುವೆಯಾಗಿ ಆಲೆನ್ ಅಳಿಯನೂ ವ್ಯವಹಾರದ ಪಾಲುಗಾರನೂ ಆಗಿದ್ದ. ನಾಟಕಕಾರ ಮಾರ್ಲೋನ ಫಾಸ್ಟಸ್, ಟ್ಯಾಂಬರ್ಲೇನ್ ಪಾತ್ರಗಳಿಂದ ಲಂಡನ್ನನ್ನು ನಡುಗಿಸಿದವನು ಇವನೇ. 1593ರಲ್ಲಿ ಪ್ಲೇಗಿನಿಂದ ನಾಟಕಶಾಲೆಗಳು ಮುಚ್ಚಿ, ಕಂಪನಿ ಊರೂರು ಸುತ್ತುತ್ತಿದ್ದಾಗ ಅವನು ಹೆಂಡತಿಗೆ ಬರೆದ ಕಾಗದ ಸೊಗಸಾಗಿದೆ: ಮನೆ ಮುಂದೆ ದಿನಾ ಸಂಜೆ ನೀರು ಹಾಕು, ನನ್ನ ಕಿತ್ತಳೆ ಬಣ್ಣದ ಉಣ್ಣೆಯ ಕಾಲುಚೀಲಕ್ಕೆ ಚಳಿಗಾಲದೊಳಗೆ ಕಪ್ಪು ಬಣ್ಣ ಹಾಕಿಸು, ಸೆಪ್ಟೆಂಬರ್‌ನಲ್ಲಿ ಹಿತ್ತಲ ಪಾತಿಗೆ ಪಾಲಕ್ ಬಿತ್ತು ಎಂಬ ಅರ್ಥದ ಸೂಚನೆಗಳು ಅದರಲ್ಲಿವೆ.

ಅಳಿಯನಿಗೆ ಇದ್ದ ಸಲುಗೆ ಉಳಿದ ನಟರಿಗೆ ಇರಲಿಲ್ಲ. 1614ರಲ್ಲಿ ರಾಬರ್ಟ್ ಡಾವ್ಸ್ ಎಂಬ ನಟ ಸಹಿ ಹಾಕಿದ ಕರಾರು ನೋಡಿ. ತಾಲೀಮಿಗೆ ತಡವಾದರೆ 1 ಶಿಲ್ಲಿಂಗ್ ದಂಡ; ಆಟದ ಹೊತ್ತಿಗೆ ವೇಷ ಕಟ್ಟಿ ಸಿದ್ಧನಿಲ್ಲದಿದ್ದರೆ 3; ಕುಡಿದು ಬಂದರೆ 10; ಬರದೇ ಇದ್ದರೆ 20. ಕಂಪನಿಯ ಉಡುಪು ತೊಟ್ಟೇ ಹೊರಗೆ ಹೋದರೆ 40 ಪೌಂಡ್! ಮರುವರ್ಷ ನಟರೇ ಹೆನ್ಸ್‌ಲೋ ವಿರುದ್ಧ ದೂರು ಬರೆದರು. ಮೂರು ವರ್ಷದಲ್ಲಿ ಐದು ಕಂಪನಿ ಒಡೆದಿದ್ದಾನೆ, ನಾವು ಸಾಲ ತೀರಿಸಿಬಿಟ್ಟರೆ ತನ್ನ ಹಿಡಿತ ತಪ್ಪುತ್ತದೆಂದು ಬಾಯಿಬಿಟ್ಟೇ ಹೇಳಿದ್ದಾನೆ ಎಂಬುದು ಅವರ ಆರೋಪ. ದೂರುದಾರರ ಮಾತನ್ನು ಪೂರ್ತಿ ನಂಬಬೇಕಿಲ್ಲ, ಆದರೆ ಲೆಕ್ಕದ ಪುಸ್ತಕದ ಸಾಲದ ಪಟ್ಟಿ ಓದಿದವರಿಗೆ ಅದು ತೀರಾ ಸುಳ್ಳೆನಿಸುವುದೂ ಕಷ್ಟ.

ಎದುರಾಳಿಯಾದ ಲಾರ್ಡ್ ಚೇಂಬರ್ಲೇನ್ ಕಂಪನಿಯಲ್ಲಿ ವ್ಯವಸ್ಥೆಯೇ ಬೇರೆ. ಬಡಗಿತನ ಬಿಟ್ಟು ನಟನಾದ ಜೇಮ್ಸ್ ಬರ್ಬೇಜ್ 1576ರಲ್ಲಿ ಶೋರ್‌ಡಿಚ್‌ನಲ್ಲಿ ‘ಥಿಯೇಟರ್’ ಎಂಬ ನಾಟಕಶಾಲೆ ಕಟ್ಟಿದ್ದ. ನೆಲದ ಗೇಣಿ ಮುಗಿದು ಭೂಮಾಲೀಕನ ಜೊತೆ ಜಗಳ ಹತ್ತಿದಾಗ, 1598ರ ಡಿಸೆಂಬರ್ ಕೊನೆಯಲ್ಲಿ ಅವನ ಮಕ್ಕಳು ಪೀಟರ್ ಸ್ಟ್ರೀಟ್ ಎಂಬ ಬಡಗಿಯನ್ನು ಕರೆತಂದು ಕಟ್ಟಡವನ್ನೇ ಬಿಚ್ಚಿಸಿಬಿಟ್ಟರು. ಆ ಮರಗಳಿಂದಲೇ ಹೊಳೆಯಾಚೆ 1599ರಲ್ಲಿ ‘ಗ್ಲೋಬ್’ ಎದ್ದಿತು. ಕೈಯಲ್ಲಿ ಹಣ ಸಾಲದೆ, ಕಟ್ಟಡದ ಅರ್ಧ ಹಕ್ಕನ್ನು ಷೇಕ್ಸ್‌ಪಿಯರ್ ಸೇರಿ ಐವರು ನಟರಿಗೆ ಹಂಚಿದರು. ಹಣದ ಅಡಚಣೆಯಿಂದ ಹುಟ್ಟಿದ ಈ ಏರ್ಪಾಟಿನಿಂದ ನಟನೇ ಮಾಲೀಕನೂ ಆದ. 1613ರ ಜೂನ್ 29ರಂದು ಆಟದ ನಡುವೆ ಹಾರಿಸಿದ ಫಿರಂಗಿಯ ಕಿಡಿಯಿಂದ ಗ್ಲೋಬ್ ಸುಟ್ಟುಹೋದಾಗ ಪಾಲುದಾರರೇ ಹಣ ಹಾಕಿ ಮರುವರ್ಷ ಮತ್ತೆ ಕಟ್ಟಿದರು.

ಹೆನ್ಸ್‌ಲೋ 1616ರ ಜನವರಿಯಲ್ಲಿ ತೀರಿಕೊಂಡ. ಅವನೂ ಆಲೆನ್‌ನೂ 1600ರಲ್ಲಿ ಅದೇ ಪೀಟರ್ ಸ್ಟ್ರೀಟ್‌ನಿಂದ ಕಟ್ಟಿಸಿದ್ದ ‘ಫಾರ್ಚೂನ್’ ನಾಟಕಶಾಲೆ 1621ರ ಡಿಸೆಂಬರ್‌ನಲ್ಲಿ ಬೆಂಕಿಗೆ ಬಿದ್ದಾಗ ಉಡುಪು, ನಾಟಕದ ಪ್ರತಿಗಳೆಲ್ಲ ಬೂದಿಯಾದವು. ಲೆಕ್ಕದ ಪುಸ್ತಕದಲ್ಲಿ ಹೆಸರಿರುವ ಇನ್ನೂರಕ್ಕೂ ಹೆಚ್ಚು ನಾಟಕಗಳಲ್ಲಿ ಬಹುಪಾಲು ಇಂದು ಸಿಗುವುದಿಲ್ಲ. ಅತ್ತ 1623ರಲ್ಲಿ ಗ್ಲೋಬ್‌ನ ಇಬ್ಬರು ಪಾಲುದಾರ ನಟರು, ಜಾನ್ ಹೆಮಿಂಗ್ಸ್ ಮತ್ತು ಹೆನ್ರಿ ಕಾಂಡೆಲ್, ತೀರಿಹೋಗಿದ್ದ ಜೊತೆಗಾರ ಷೇಕ್ಸ್‌ಪಿಯರನ 36 ನಾಟಕಗಳನ್ನು ಒಟ್ಟುಮಾಡಿ ಅಚ್ಚು ಹಾಕಿಸಿದರು. ಅವುಗಳಲ್ಲಿ 18 ಅಲ್ಲಿಯವರೆಗೆ ಅಚ್ಚನ್ನೇ ಕಂಡಿರಲಿಲ್ಲ. ‘ಮ್ಯಾಕ್‌ಬೆತ್’, ‘ಟೆಂಪೆಸ್ಟ್’ ಅವುಗಳಲ್ಲಿ ಎರಡು.