ಮಂಜೂರಾತಿಯೂ ಅದೇ, ನಿರ್ಬಂಧವೂ ಅದೇ

ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ನನ್ನಂಥವರಿಗೆ ‘ಸ್ಯಾಂಕ್ಷನ್’ ಎಂಬುದು ಮಂಗಳಕರವಾದ ಶಬ್ದ. ರಜೆ, ಮುಂಗಡ, ಹೊಸ ಹುದ್ದೆ, ಕಡೆಗೆ ಪಿಂಚಣಿ ಎಲ್ಲಕ್ಕೂ ಅದು ಕಡತದ ಮೇಲೆ ಬೀಳಲೇಬೇಕು. ಆದರೆ 2022ರಲ್ಲಿ ಉಕ್ರೇನ್ ಮೇಲಿನ ದಾಳಿಯ ನಂತರ ಪಾಶ್ಚಾತ್ಯ ರಾಷ್ಟ್ರಗಳು ರಷ್ಯಾದ ಮೇಲೆ ಹೇರಿದ್ದೂ ಸ್ಯಾಂಕ್ಷನ್ನೇ. ಒಪ್ಪಿಗೆ, ದಂಡನೆ ಎಂಬ ಎರಡು ವಿರುದ್ಧ ಅರ್ಥಗಳು ಒಂದೇ ಪದದಲ್ಲಿ ಒಕ್ಕಲು ಹೂಡಿದ್ದು ಹೇಗೆ?

ಇದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಪವಿತ್ರಗೊಳಿಸು, ಮೀರಲಾಗದಂತೆ ವಿಧಿಸು ಎಂಬರ್ಥದ ಕ್ರಿಯಾಪದವೊಂದು ಅಲ್ಲಿತ್ತು. ಸಂತರನ್ನು ಸೂಚಿಸುವ ‘ಸೇಂಟ್’ ಎಂಬ ಪದವೂ ಅದೇ ವಂಶದ್ದು. ರೋಮನ್ ಕಾನೂನಿನಲ್ಲಿ, ಶಾಸನವನ್ನು ಮೀರಿದವರಿಗೆ ಏನು ಶಿಕ್ಷೆ ಎಂದು ಹೇಳುವ ಭಾಗಕ್ಕೆ ಈ ಧಾತುವಿನಿಂದಲೇ ಹೆಸರು ಬಂತು. ವಿಧಿಸುವ ಕೈಯೇ ದಂಡಿಸುವ ಕೈಯೂ ಆಗಿದ್ದರಿಂದ ರೋಮನ್ನರಿಗೆ ಇದರಲ್ಲಿ ವಿರೋಧಾಭಾಸ ಕಂಡಿರಲಾರದು. 1713ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸ್ ತನ್ನ ರಾಜ್ಯ ಮಗಳಿಗೂ ಸಲ್ಲುವಂತೆ ಹೊರಡಿಸಿದ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಬರಿಯ ರಾಜಶಾಸನ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಾಗಿ ನಾವು ಓದಿದ ಜೆರೆಮಿ ಬೆಂಥಾಮ್, 1789ರ ತನ್ನ ಗ್ರಂಥದಲ್ಲಿ, ಮನುಷ್ಯನನ್ನು ನಿಯಮಕ್ಕೆ ಕಟ್ಟಿಹಾಕುವ ಸುಖ–ದುಃಖಗಳ ಮೂಲಗಳನ್ನೆಲ್ಲ ಸ್ಯಾಂಕ್ಷನ್ ಎಂದೇ ಕರೆದ.

ದೇಶಗಳ ನಡುವಣ ಆರ್ಥಿಕ ದಂಡನೆಯಾಗಿ ಪದ ಜನಜನಿತವಾದದ್ದು 20ನೇ ಶತಮಾನದಲ್ಲಿ. ಅಬಿಸೀನಿಯದ ಮೇಲೆ ದಂಡೆತ್ತಿದ ಇಟಲಿಗೆ ರಾಷ್ಟ್ರಸಂಘ 1935ರಲ್ಲಿ ಈ ಶಿಕ್ಷೆ ವಿಧಿಸಿತು. ಯುದ್ಧಕ್ಕೆ ಅತ್ಯಗತ್ಯವಾದ ತೈಲವನ್ನು ಮಾತ್ರ ಪಟ್ಟಿಯಿಂದ ಬಿಟ್ಟಿತು! ಮರುವರ್ಷವೇ ಇಟಲಿ ಆ ದೇಶವನ್ನು ನುಂಗಿತು.

ಈ ಪದದ ಎರಡೂ ಮುಖಗಳನ್ನು ಬೆಂಗಳೂರು ಕಂಡಿದೆ. ರಷ್ಯಾದಿಂದ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ಪಡೆಯಲು ಇಸ್ರೊ ಒಪ್ಪಂದ ಮಾಡಿಕೊಂಡಿತ್ತು. ಅದಕ್ಕಾಗಿ 1992ರ ಮೇ ತಿಂಗಳಲ್ಲಿ ಅಮೆರಿಕ ಇಸ್ರೊ ಮೇಲೂ ರಷ್ಯಾದ ಸಂಸ್ಥೆಯ ಮೇಲೂ ಎರಡು ವರ್ಷಗಳ ಸ್ಯಾಂಕ್ಷನ್ ವಿಧಿಸಿತು. ತಂತ್ರಜ್ಞಾನ ಕೈತಪ್ಪಿತು. 1994ರಲ್ಲಿ, ಆ ಎಂಜಿನನ್ನು ನಾವೇ ರೂಪಿಸುವ ಯೋಜನೆಗೆ ನಮ್ಮ ಸರ್ಕಾರದ ಸ್ಯಾಂಕ್ಷನ್ ದೊರೆಯಿತು. ದೇಶೀಯ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಒಂದು ಸ್ಯಾಂಕ್ಷನ್ ಮಾಡಿದ ಗಾಯಕ್ಕೆ ಇನ್ನೊಂದು ಸ್ಯಾಂಕ್ಷನ್ ಮದ್ದಾಗಲು ಇಪ್ಪತ್ತು ವರ್ಷ ಹಿಡಿಯಿತು.

ಕನ್ನಡ ಈ ಗೊಂದಲವನ್ನು ಜಾಣತನದಿಂದ ಬಗೆಹರಿಸಿಕೊಂಡಿದೆ. ದಂಡನೆಗೆ ನಿರ್ಬಂಧ, ಒಪ್ಪಿಗೆಗೆ ಮಂಜೂರಾತಿ. ‘ಮಂಜೂರು’ ಅರಬ್ಬಿಯಲ್ಲಿ ಹುಟ್ಟಿ ಪಾರ್ಸಿಯ ಮೂಲಕ ದಫ್ತರಕ್ಕೆ ಬಂದ ಪದ. ನೋಟ ಎಂಬರ್ಥದ ‘ನಜರು’ ಅದರ ಒಡಹುಟ್ಟು. ಮೂಲಾರ್ಥ ‘ನೋಡಲ್ಪಟ್ಟದ್ದು’ ಎಂದಷ್ಟೇ. ನೋಡದೆಯೇ ರುಜು ಹಾಕುವವರನ್ನು ನಾನು ಸಾಕಷ್ಟು ಕಂಡಿದ್ದೇನೆ, ಅತಿಯಾಗಿ ನೋಡುವವರನ್ನೂ.

ಅತಿಯಾಗಿ ನೋಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಕಿರಿಯ ಅಧಿಕಾರಿಯಾಗಿದ್ದಾಗ ಬಯಲುಸೀಮೆಯ ಹಳ್ಳಿಯೊಂದರ ಕುಡಿಯುವ ನೀರಿನ ಕೊಳವೆಬಾವಿಯ ಕಡತ ನನ್ನ ಮೇಜಿಗೆ ಬಂತು. ಆಡಳಿತಾತ್ಮಕ ಮಂಜೂರಾತಿ ಆಗಿತ್ತು, ತಾಂತ್ರಿಕ ಮಂಜೂರಾತಿಯೂ ಆಗಿತ್ತು. ಹಣ ಬಿಡುಗಡೆಗೆ ನನ್ನ ಟಿಪ್ಪಣಿಯೊಂದೇ ಬಾಕಿ. ಅಂದಾಜುಪಟ್ಟಿಯಲ್ಲಿನ ಚಿಕ್ಕಪುಟ್ಟ ಲೋಪಗಳಿಗಾಗಿ ಎರಡು ಬಾರಿ ಷರಾ ಬರೆದು ಹಿಂದಿರುಗಿಸಿದೆ. ಎರಡೂ ಷರಾಗಳು ನಿಯಮಬದ್ಧವೇ ಆಗಿದ್ದವು. ಅಷ್ಟರಲ್ಲಿ ಮಾರ್ಚ್ 31 ಕಳೆದು ಅನುದಾನ ಲ್ಯಾಪ್ಸ್ ಆಯಿತು.

ಏಪ್ರಿಲ್‌ನಲ್ಲಿ ಆ ಊರಿನ ಹಿರಿಯರೊಬ್ಬರು ಕಚೇರಿಗೆ ಬಂದು, ‘ನಮ್ದು ಸ್ಯಾಂಕ್ಷನ್ ಆಯ್ತಾ ಸ್ವಾಮಿ?’ ಎಂದು ಕೇಳಿದರು. ಮರುವರ್ಷ ಬರುತ್ತದೆ ಎಂದೆ. ಆ ಬೇಸಿಗೆಯುದ್ದಕ್ಕೂ ಅಲ್ಲಿನ ಹೆಂಗಸರು ಎರಡು ಮೈಲಿ ದೂರದ ತೋಟದ ಬಾವಿಯಿಂದ ನೀರು ಹೊತ್ತರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಕೊಳವೆಬಾವಿ ಕೊರೆಯುವ ವೇಳೆಗೆ ನಾನು ಬೇರೆ ಜಿಲ್ಲೆಗೆ ವರ್ಗವಾಗಿದ್ದೆ.